ವಾರ್ಡಿನ ಯಂತ್ರಗಳನ್ನು ನರ್ಸ್ ಕಣ್ಣಲ್ಲೂ ವಿಂಗಡಿಸಿ

ಮಾನ್ಯರೇ,

ಈಚೆಗೆ ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಐದು ರಾತ್ರಿ ಇದ್ದೆ. ರಕ್ತನಾಳಕ್ಕೆ ಅಳತೆ ಮಾಡಿ ಔಷಧಿ ಬಿಡುವ ಇನ್‌ಫ್ಯೂಷನ್ ಪಂಪ್ ಪದೇ ಪದೇ ಕೂಗುತ್ತಿತ್ತು. ಸಿಸ್ಟರ್ ಓಡಿ ಬಂದವರು ಪಂಪಿಗಿಂತ ಮೊದಲು ಅಮ್ಮನ ಮೊಣಕೈ ನೋಡಿದರು. ಕೈ ಮಡಚಿದಾಗೆಲ್ಲ ಔಷಧಿ ಹರಿಯುವುದು ನಿಲ್ಲುತ್ತಿತ್ತು. ಕೈ ನೇರ ಮಾಡಿ, ಕೆಳಗೊಂದು ಸುತ್ತಿದ ಟವೆಲ್ ಇಟ್ಟರು. ಆಮೇಲೆ ಅದು ಕೂಗಲಿಲ್ಲ.

2017ರ ವೈದ್ಯಕೀಯ ಸಾಧನಗಳ ನಿಯಮಗಳು ಅಪಾಯ ನೋಡಿ, ಕಡಿಮೆಯಿಂದ ಹೆಚ್ಚಿಗೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ವೆಂಟಿಲೇಟರ್ ಸಿ, ಕೃತಕ ಹೃದಯ ಕವಾಟ ಡಿ. ಲೈಸೆನ್ಸ್ ಕೊಡಲು ಇದು ಬೇಕೇ ಬೇಕು. ಆದರೆ ಹಾಸಿಗೆ ಪಕ್ಕ ನಿಲ್ಲುವವರಿಗೆ ಇಷ್ಟು ಸಾಲದು. ಬರೀ ಅಳೆಯುವ ಯಂತ್ರ, ಔಷಧಿ ಕೊಡುವ ಯಂತ್ರ, ದಾಖಲೆ ಇಡುವ ಯಂತ್ರ, ಒಂದೊಂದಕ್ಕೂ ಬೇರೆ ಬೇರೆ ಗಮನ ಬೇಕು ಅಲ್ವಾ? ಬಿಪಿ ಯಂತ್ರದ ಮೇಲೆ ಅನುಮಾನ ಬಂದರೆ ಇನ್ನೊಮ್ಮೆ ಅಳೆಯಬಹುದು. ಪಂಪಿನಲ್ಲಿ ಒಂದು ಚುಕ್ಕೆ ತಪ್ಪಿ 5.0 ಹೋಗಿ 50 ಆದರೆ, ಹತ್ತು ಪಟ್ಟು ವೇಗದಲ್ಲಿ ಔಷಧಿ ಮೈಯೊಳಗೆ ಹೋಗುತ್ತದೆ.

ಆಸ್ಪತ್ರೆಗಳು ನರ್ಸ್‌ಗಳನ್ನು ಜೊತೆಗೆ ಕೂರಿಸಿಕೊಂಡು ವಾರ್ಡಿನ ಯಂತ್ರಗಳನ್ನು ಹೀಗೆ ವಿಂಗಡಿಸಲಿ. ಔಷಧಿ ಕೊಡುವ ಯಂತ್ರಗಳಿಗೆ ಜಾಸ್ತಿ ದಿನ ತರಬೇತಿ ಸಿಗಲಿ, ಅದೂ ರಾತ್ರಿ ಪಾಳಿಯವರಿಗೆ ಮೊದಲು.

– ಓದುಗರೊಬ್ಬರು, ಹಾಸನ