ಡಿವಿಷನ್‌ನಲ್ಲೇ ಉಳ್ಕೊಂಡ್ವಿ, ಇನ್ನು ಥ್ಯಾಂಕ್ಸ್ ಹೇಳೋ ಕೆಲಸ

ಸೀಸನ್ ಮುಗೀತು, ಫೋನ್ ಬಡ್ಕೊಳ್ಳೋದು ಸ್ವಲ್ಪ ಕಮ್ಮಿ ಆಗಿದೆ, ಅದಕ್ಕೆ ಈಗ ಕೂತು ಬರೀತಿದೀನಿ. ಏನೇನಾಯ್ತು ಅಂತ ಮೊದಲಿಂದ ಹೇಳೋಕೆ ಹೋಗಲ್ಲ. ಪಾಯಿಂಟ್ಸ್ ಟೇಬಲ್ ನನಗಿಂತ ನಿಮಗೇ ಚೆನ್ನಾಗಿ ಬಾಯಿಪಾಠ ಆಗಿತ್ತು, ಯಾರು ಯಾರಿಗೆ ಸೋತ್ರೆ ನಾವು ಉಳೀತೀವಿ ಅನ್ನೋ ಲೆಕ್ಕಾನ ನಡುರಾತ್ರೀಲಿ ಬರೆದು ಕಳಿಸ್ತಿದ್ದವರು ನೀವೇ. ಉಳ್ಕೊಂಡ್ವಿ. ಕಪ್ ಇಲ್ಲ, ಮೆರವಣಿಗೆ ಇಲ್ಲ, ಮುಂದಿನ ಸೀಸನ್ನೂ ಇದೇ ಡಿವಿಷನ್‌ನಲ್ಲಿ ಆಡ್ತೀವಿ ಅಷ್ಟೇ. ಹೊರಗಿಂದ ನೋಡೋರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು, ಆದ್ರೆ ಒಂದು ಪ್ರೊಫೆಷನಲ್ ಫುಟ್‌ಬಾಲ್ ಕ್ಲಬ್ ಕೆಳಗಿನ ಡಿವಿಷನ್‌ಗೆ ಇಳಿದ್ರೆ ಟಿವಿ ದುಡ್ಡು ಹೋಗತ್ತೆ, ಸ್ಪಾನ್ಸರ್ ಮೆತ್ತಗೆ ಜಾರ್ಕೋತಾರೆ, ಒಳ್ಳೆ ಆಟಗಾರರು ಬೇರೆ ಕಡೆ ಹೋಗ್ತಾರೆ, ಅವರಿಗೆ ಹೇಗೋ ಇನ್ನೊಂದು ಕ್ಲಬ್ ಸಿಗತ್ತೆ, ಆದ್ರೆ ಹುಲ್ಲು ನೋಡ್ಕೊಳ್ಳೋರು, ಜೆರ್ಸಿ ಒಗೆಯೋರು, ಟಿಕೆಟ್ ಕೌಂಟರಲ್ಲಿ ಕೂರೋರು, ಅವರ ಕೆಲಸಕ್ಕೆ ಮೊದ್ಲು ಕತ್ತರಿ ಬೀಳತ್ತೆ. ಆ ಮುಖಗಳನ್ನ ದಿನಾ ಬೆಳಿಗ್ಗೆ ನೋಡಿ, ನಮಸ್ಕಾರ ಅಂದು, ಕೋಚ್ ಆಗಿ ಟ್ರೈನಿಂಗ್‌ಗೆ ಇಳೀತಿದ್ದೆ.

ಮೊದ್ಲು ಎಲ್ಲರಿಗೂ ಒಟ್ಟಿಗೆ ಹೇಳ್ಬಿಡ್ತೀನಿ, ಒಂದೇ ಸಾಲಲ್ಲಿ ಮುಗಿಸ್ದ ಅಂತ ಬೇಜಾರು ಮಾಡ್ಕೋಬೇಡಿ: ಫಿಸಿಯೋ ಟೀಮ್, ಕಿಟ್ ಮ್ಯಾನೇಜರ್, ನಿದ್ದೆಗೆಟ್ಟು ಕ್ಲಿಪ್ ಕಟ್ ಮಾಡಿ ಕೊಟ್ಟ ವಿಡಿಯೋ ಅನಲಿಸ್ಟ್ ಹುಡುಗ, ಬಸ್ ಡ್ರೈವರ್, ಇಷ್ಟೆಲ್ಲ ಆದ್ರೂ ನನ್ನನ್ನ ತೆಗೀದೆ ಇದ್ದ ಮ್ಯಾನೇಜ್‌ಮೆಂಟ್, ಮಳೇಲಿ ನೆನ್ಕೊಂಡು ಬಂದು ಬೈದು ಮತ್ತೆ ಮುಂದಿನ ವಾರ ಟಿಕೆಟ್ ತಗೊಂಡು ಬಂದ ಫ್ಯಾನ್ಸ್, ಮತ್ತೆ ನನ್ನ ಹೆಂಡತಿ, ಅವಳಿಗೆ ಇಲ್ಲಿ ಬರೆದ್ರೆ ಸಾಲಲ್ಲ ಅಂತ ಅವಳಿಗೂ ಗೊತ್ತು. ಎಲ್ಲರಿಗೂ ಮನಸ್ಸಿಂದ ಥ್ಯಾಂಕ್ಸ್.

ಇಂಗ್ಲೆಂಡಿನ ಕ್ಲಬ್ ಲೆಸ್ಟರ್ ಸಿಟಿ ಕಥೆ ಕಳಿಸಿದ ನಲವತ್ತೋ ಐವತ್ತೋ ಜನಕ್ಕೂ ಥ್ಯಾಂಕ್ಸ್. ನಿಜ, 2014-15ರ ಸೀಸನ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅವರು ಅಲ್ಲಿನ ಟಾಪ್ ಡಿವಿಷನ್ ಪ್ರೀಮಿಯರ್ ಲೀಗ್‌ನ ಕೊನೇ ಸ್ಥಾನದಲ್ಲಿದ್ರು, ಕೊನೇ 9 ಮ್ಯಾಚ್‌ನಲ್ಲಿ 7 ಗೆದ್ದು 14ನೇ ಸ್ಥಾನಕ್ಕೆ ಬಂದ್ರು, ಮುಂದಿನ ವರ್ಷ ಚಾಂಪಿಯನ್ನೇ ಆಗ್ಬಿಟ್ರು. ಆದ್ರೆ ಒಂದು ಮಾತು, ಅವರನ್ನ ಉಳಿಸಿದ ಕೋಚ್ ನೈಜೆಲ್ ಪಿಯರ್ಸನ್ ಅವರನ್ನ ಅದೇ 2015ರ ಜೂನ್‌ನಲ್ಲಿ ಕೆಲಸದಿಂದ ತೆಗೆದ್ರು. ಈ ಭಾಗ ಯಾರೂ ಕಳಿಸ್ಲಿಲ್ಲ, ನನ್ನ ಕಣ್ಣು ಮಾತ್ರ ಅಲ್ಲಿಗೇ ಹೋಗ್ತಿತ್ತು. ನನಗೆ ಅದಕ್ಕಿಂತ ಹತ್ತಿರದ್ದು ಅದೇ ಲೀಗ್‌ನಲ್ಲಿದ್ದ ವೆಸ್ಟ್ ಬ್ರಾಮ್ ಕ್ಲಬ್ ಕಥೆ. 2004-05ರಲ್ಲಿ ಅವರೂ ಕ್ರಿಸ್‌ಮಸ್‌ಗೆ ಕೊನೇಲಿ, ಸೀಸನ್‌ನ ಕೊನೇ ದಿನ ಬೆಳಿಗ್ಗೆ ಕೂಡ ಕೊನೇಲೇ, ಆದ್ರೂ ಸಂಜೆ ಹೊತ್ತಿಗೆ ಉಳ್ಕೊಂಡಿದ್ರು. 38 ಮ್ಯಾಚ್‌ನಲ್ಲಿ ಗೆದ್ದಿದ್ದು ಬರೀ 6, ಡ್ರಾ 16, ಒಟ್ಟು 34 ಪಾಯಿಂಟ್. ಹದಿನಾರು ಡ್ರಾ ಕಂಡ್ರಪ್ಪ! ಸಿನಿಮಾ ಮಾಡೋಕಾಗಲ್ಲ ಅದನ್ನ. ಆದ್ರೆ ಸೋಲ್ತಿರೋ ಟೀಮ್‌ಗೆ ಮೆಂಟಲ್ ಟಫ್‌ನೆಸ್ ಅಂದ್ರೆ ಹೆಚ್ಚುಕಮ್ಮಿ ಆ ಹದಿನಾರು ಡ್ರಾಗಳೇ.

ನಮ್ಮ ಕ್ಯಾಪ್ಟನ್ ಬಗ್ಗೆ ಒಂದೆರಡು ಮಾತು. ನೋವಿಗೆ ಇಂಜೆಕ್ಷನ್ ತಗೊಂಡು ಆಡಿದ್ದು ನಿಮಗೆ ಗೊತ್ತು, ಅದನ್ನ ಹೊಗಳೋಕೆ ನಂಗೆ ಅಷ್ಟು ಇಷ್ಟ ಇಲ್ಲ, ನಾಳೆ ಇನ್ನೊಬ್ಬ ಹುಡುಗ ಅದೇ ದೊಡ್ಡಸ್ತಿಕೆ ಅಂದ್ಕೋತಾನೆ. ಹೊಗಳ್ಬೇಕಾಗಿರೋದು ಬೇರೆ. ನಮ್ಮ ಚಿಕ್ಕ ವಯಸ್ಸಿನ ಡಿಫೆಂಡರ್ ಒಬ್ಬ ಪ್ರತಿ ಮ್ಯಾಚ್ ಮುಂಚೆ ಟಾಯ್ಲೆಟ್‌ನಲ್ಲಿ ವಾಂತಿ ಮಾಡ್ಕೋತಿದ್ದ, ನಲ್ಲಿ ಜೋರಾಗಿ ಬಿಟ್ಕೊಂಡು, ಯಾರಿಗೂ ಕೇಳಿಸ್ಬಾರ್ದು ಅಂತ. ಕ್ಯಾಪ್ಟನ್ ಅವನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಮೆರ್ಟೆಸಾಕರ್ ಬಗ್ಗೆ ಹೇಳಿದಾನೆ. ಜರ್ಮನಿಗೆ 104 ಮ್ಯಾಚ್ ಆಡಿದ, 2014ರ ವರ್ಲ್ಡ್ ಕಪ್ ಗೆದ್ದ ಸೆಂಟರ್ ಬ್ಯಾಕ್ (ಗೋಲ್ ಮುಂದೆ ಮಧ್ಯದಲ್ಲಿ ನಿಲ್ಲೋ ಡಿಫೆಂಡರ್), ಅವನಿಗೂ ಕಿಕ್‌ಆಫ್‌ಗೆ ಮುಂಚೆ ಹೊಟ್ಟೆ ತೊಳಸಿ ಓಕರಿಕೆ ಬರ್ತಿತ್ತು ಅಂತ 2018ರಲ್ಲಿ ಅವನೇ ಬಾಯ್ಬಿಟ್ಟು ಹೇಳ್ಕೊಂಡಿದ್ದ. ಆಮೇಲಿಂದ ಆ ಹುಡುಗ ನಲ್ಲಿ ಬಿಡೋದು ನಿಲ್ಲಿಸ್ದ. ವಾಂತಿ ನಿಲ್ಲಲಿಲ್ಲ, ಆದ್ರೆ ಹೊರಗೆ ಯಾರೋ ಒಬ್ರು ಟವೆಲ್ ಹಿಡ್ಕೊಂಡು ನಿಂತಿರ್ತಿದ್ರು.

ಈಗ ನಾನು ಬರೀಬೇಕು ಅಂತ ಕೂತಿದ್ದ ವಿಷಯಕ್ಕೆ ಬರ್ತೀನಿ. ನಮ್ಮ ಗೋಲ್‌ಕೀಪಿಂಗ್ ಕೋಚ್. ಹೆಸರು ಹಾಕಿದ್ರೆ ಮಾತು ಬಿಡ್ತೀನಿ ಅಂದಿದಾರೆ, ಅದಕ್ಕೆ ಹಾಕ್ತಿಲ್ಲ. ನನಗಿಂತ ವಯಸ್ಸಲ್ಲಿ ದೊಡ್ಡೋರು, ನಾನು ಅಣ್ಣ ಅಂತೀನಿ, ಇಡೀ ಡ್ರೆಸ್ಸಿಂಗ್ ರೂಮ್ ಕೂಡ ಅಣ್ಣ ಅಂತಾನೇ ಕರೆಯೋದು.

ಹೋಮ್ ಗ್ರೌಂಡಲ್ಲಿ ಆ ಐದು ಗೋಲ್ ತಿಂದ ರಾತ್ರಿ. ಸ್ಟೇಡಿಯಂ ಪೂರ್ತಿ ನನ್ನನ್ನ ತೆಗೀರಿ ಅಂತ ಹಾಡ್ತಿತ್ತು, ಅದೂ ರಾಗವಾಗಿ. ಹಾಡ್ಲಿ, ದುಡ್ಡು ಕೊಟ್ಟು ಬಂದಿರ್ತಾರೆ. ಆದ್ರೆ ಅವತ್ತು ನನ್ನ ಮಗಳು ಸ್ಟ್ಯಾಂಡ್‌ನಲ್ಲಿದ್ಲು. ಅವಳ ಸುತ್ತ ಕೂತಿದ್ದವರೆಲ್ಲ ಹಾಡ್ತಿದ್ರು, ಅವಳು ಎರಡೂ ಕೈ ಮಡಿಲಲ್ಲಿ ಇಟ್ಕೊಂಡು ನೆಟ್ಟಗೆ ಗ್ರೌಂಡ್ ನೋಡ್ತಾ ಕೂತಿದ್ಲು, ನಾನು ಡಗ್‌ಔಟ್‌ನಿಂದ ಒಂದೇ ಸಲ ತಿರುಗಿ ನೋಡಿದ್ದು. ಮನೆಗೆ ಹೋಗೋಕೆ ಕಾಲೇ ಬರ್ಲಿಲ್ಲ. ಎಲ್ಲರೂ ಹೋದ್ಮೇಲೆ ಆಫೀಸ್ ರೂಮಲ್ಲಿ ಕೂತು ಟ್ಯಾಕ್ಟಿಕ್ಸ್ ಬೋರ್ಡ್ ಮೇಲಿದ್ದ ಮ್ಯಾಗ್ನೆಟ್‌ಗಳನ್ನೆಲ್ಲ ಕಿತ್ತು ಕಿತ್ತು ಟೇಬಲ್ ಮೇಲೆ ಹಾಕಿದೆ. ನಾಳೆಯಿಂದ ಹಿಂದೆ ಮೂರು ಜನ ಡಿಫೆಂಡರ್ಸ್, ಕ್ಯಾಪ್ಟನ್ ಬೆಂಚ್‌ಗೆ, ಗೋಲ್‌ಕೀಪರ್ ಬದಲು, ದಿನಕ್ಕೆ ಎರಡು ಸೆಷನ್, ಫೋನ್ ಬ್ಯಾನ್, ಏನು ಕೈಗೆ ಸಿಕ್ಕಿದ್ರೆ ಅದು.

ಅಣ್ಣ ಬಂದ್ರು, ಬಾಗಿಲು ಹಾಕಿದ್ರು, ಕೂತ್ರು. ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ. ನಾನು ನನ್ನ ಪ್ಲಾನ್ ಎಲ್ಲ ಒದರಿ ಮುಗಿಸಿದ್ಮೇಲೆ ಕೇಳಿದ್ರು, "ಪೆನಾಲ್ಟಿಗೆ ಗೋಲ್‌ಕೀಪರ್ ಯಾಕಪ್ಪ ಹಾರ್ತಾನೆ?" ನಂಗೆ ಸಿಟ್ಟೇ ಬಂತು. ಅವರು ಬಿಡ್ಲಿಲ್ಲ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿ ನೋಡಿ 2007ರಲ್ಲಿ ಒಂದು ಪೇಪರ್ ಬರೆದಿದಾರಂತೆ. ಗೋಲ್‌ಕೀಪರ್ ಮಧ್ಯದಲ್ಲೇ ನಿಂತ್ರೆ ಬಾಲ್ ತಡೆಯೋ ಚಾನ್ಸ್ ಎಡಕ್ಕೋ ಬಲಕ್ಕೋ ಹಾರೋದಕ್ಕಿಂತ ಜಾಸ್ತಿ ಇತ್ತು, ಆದ್ರೂ ಮಧ್ಯದಲ್ಲಿ ನಿಂತಿದ್ದು ನೂರಕ್ಕೆ ಆರು ಸಲ ಮಾತ್ರ. "ಯಾಕೆ ಗೊತ್ತಾ? ನಿಂತ್ಕೊಂಡು ಗೋಲ್ ಬಿಟ್ರೆ ಜನ ಇವ್ನು ಗೂಟದ ಥರ ನಿಂತಿದ್ದ ಅಂತಾರೆ. ಹಾರಿ ಬಿಟ್ರೆ ಪಾಪ ಟ್ರೈ ಮಾಡ್ದ ಅಂತಾರೆ. ನೀನೀಗ ಹಾರೋಕೆ ಹೊರಟಿದೀಯ."

ಅಷ್ಟು ಹೇಳಿ, ಟೇಬಲ್ ಮೇಲಿದ್ದ ಮ್ಯಾಗ್ನೆಟ್‌ಗಳನ್ನ ಒಂದೊಂದೇ ತೆಗೆದು ಮೊದಲಿದ್ದ ಜಾಗಕ್ಕೇ ಅಂಟಿಸೋಕೆ ಶುರು ಮಾಡಿದ್ರು. ನಂಬರ್ ನೋಡ್ಕೊಂಡು, ನಿಧಾನಕ್ಕೆ. ಕ್ಯಾಪ್ಟನ್ನಿನ ನಾಲ್ಕನೇ ನಂಬರ್ ಕೊನೇಲಿ.

ಆಗ ನಾನು ಅತ್ತೆ. ಇದನ್ನ ಇಲ್ಲಿ ಬರೀಬೇಕಾ ಬೇಡ್ವಾ ಅಂತ ತುಂಬಾ ಯೋಚನೆ ಮಾಡ್ದೆ. ಭಯ ಆಗ್ತಿದೆ ಅಣ್ಣ, ನಾಳೆ ಆ ಹುಡುಗರ ಮುಂದೆ ಹೋಗಿ ನಿಂತ್ಕೊಳ್ಳೋಕೆ ಆಗಲ್ಲ ನನ್ನ ಕೈಲಿ ಅಂದೆ. ಅವರು "ನಂಗೂ ಆಗ್ತಿದೆ" ಅಂದ್ರು, ಸಮಾಧಾನದ ಮಾತು ಅಂತ ಅದೊಂದೇ. ಮನೆಗೆ ಹೋಗಿ ಅಣ್ಣ, ಲೇಟ್ ಆಯ್ತು ಅಂತ ಎರಡು ಮೂರು ಸಲ ಹೇಳ್ದೆ, ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ತಿಂಗಳುಗಳಾದ್ಮೇಲೆ ಬಸ್ಸಲ್ಲಿ ಹೇಳಿದ್ರು. ಜರ್ಮನಿಯ ಗೋಲ್‌ಕೀಪರ್ ರಾಬರ್ಟ್ ಎಂಕೆ 2009ರ ನವೆಂಬರ್‌ನಲ್ಲಿ ಜೀವ ಕಳ್ಕೊಂಡಾಗ ಗೋಲ್‌ಕೀಪರ್ ಆಗಿದ್ದ ಪ್ರತಿಯೊಬ್ಬನಿಗೂ ಒಳಗೆ ಏನೋ ಮುರೀತಂತೆ, ವರ್ಷಗಟ್ಟಲೆ ಖಿನ್ನತೆ ಇದ್ದದ್ದು ಹೊರಗಿನವರಿಗೆ ಗೊತ್ತೇ ಇರ್ಲಿಲ್ಲ, ಚೆನ್ನಾಗಿ ಆಡ್ತಿದ್ದ. ಅವತ್ತಿಂದ ಯಾರಾದ್ರೂ "ನಾನು ಸರಿ ಇದೀನಿ, ನೀವು ಹೋಗಿ" ಅಂದ್ರೆ ನಾನು ಹೋಗಲ್ಲ ಅಂದ್ರು. ಆಟಗಾರರ ಸಂಘ ಫಿಫ್‌ಪ್ರೋ 2015ರಲ್ಲಿ ಮಾಡಿದ ಸರ್ವೇಲಿ ಆಡ್ತಾ ಇರೋ 607 ಜನರಲ್ಲಿ 38 ಪರ್ಸೆಂಟ್ ಖಿನ್ನತೆ ಅಥವಾ ಆತಂಕದ ಲಕ್ಷಣ ಇದೆ ಅಂದಿದ್ರು. ಹನ್ನೊಂದು ಜನರ ಟೀಮ್‌ಗೆ ಲೆಕ್ಕ ಹಾಕ್ನೋಡಿ, ನಾಲ್ಕು ಜನ. ಕೋಚ್‌ಗಳನ್ನ ಆ ಲೆಕ್ಕದಲ್ಲಿ ಸೇರಿಸಿಲ್ಲ.

ಅವತ್ತು ರಾತ್ರಿ ಮುಂದೆ ಏನು ಮಾಡಿದ್ವಿ ಅಂದ್ರೆ ವಿಡಿಯೋ ನೋಡಿದ್ವಿ, ಆದ್ರೆ ಗೋಲ್‌ಗಳನ್ನಲ್ಲ. ಅಣ್ಣ ಪ್ರತಿ ಗೋಲ್ ಆದ್ಮೇಲೆ ಕಿಕ್‌ಆಫ್ ಆಗೋವರೆಗಿನ ಅರ್ಧ ನಿಮಿಷ ಮಾತ್ರ ಹಾಕಿದ್ರು, ಸೌಂಡ್ ಆಫ್ ಮಾಡಿ. ಇಡೀ ಸೀಸನ್‌ದು. ನಮ್ಮ ಕಾಯಿಲೆ ಏನು ಅಂತ ನಿಮಗೆ ಗೊತ್ತಿತ್ತು, ಒಂದು ಗೋಲ್ ತಿಂದ್ರೆ ಅದರ ಹಿಂದೇನೇ ಇನ್ನೊಂದು. ನಾನು ಅದಕ್ಕೆ ಫಿಟ್‌ನೆಸ್, ಮಾರ್ಕಿಂಗ್ ಅಂತ ಏನೇನೋ ಔಷಧಿ ಹುಡುಕ್ತಿದ್ದೆ. ಆ ಅರ್ಧ ನಿಮಿಷದಲ್ಲಿ ಎಲ್ಲ ಬರೆದಿಟ್ಟ ಹಾಗೆ ಇತ್ತು. ಗೋಲ್‌ಕೀಪರ್ ಒಬ್ಬನೇ ನೆಟ್ ಒಳಗಿಂದ ಬಾಲ್ ಎತ್ಕೋತಾನೆ, ಒಬ್ಬನೂ ಅವನ ಕಡೆ ನೋಡಲ್ಲ. ಸೆಂಟರ್ ಬ್ಯಾಕ್‌ಗಳು ಇಬ್ಬರೂ ಬೇರೆ ಬೇರೆ ದಾರೀಲಿ ಮೇಲಕ್ಕೆ ನಡೀತಾರೆ. ನಮ್ಮ ಲೆಫ್ಟ್ ವಿಂಗರ್ ಪ್ರತಿ ಸಲ, ಪ್ರತಿ ಸಲ ಅಂದ್ರೆ ಪ್ರತಿ ಸಲ, ಬಗ್ಗಿ ಶೂ ಲೇಸ್ ಕಟ್ತಾನೆ. ಕಟ್ಟಿರೋ ಲೇಸನ್ನೇ ಮತ್ತೆ ಕಟ್ತಾನೆ. ತಲೆ ಎತ್ತಬಾರದು ಅಷ್ಟೇ ಅವನಿಗೆ. ಹನ್ನೊಂದು ಜನ ಹನ್ನೊಂದು ಕಡೆ ಒಂಟಿಯಾಗಿ ನಿಂತಿರೋವಾಗ ಕಿಕ್‌ಆಫ್ ಆಗ್ತಿತ್ತು, ಎರಡನೇ ಗೋಲ್ ಬೀಳದೆ ಇನ್ನೇನು.

ಬೆಳಿಗ್ಗೆ ಹುಡುಗರು ಓಡಿಸಿ ಓಡಿಸಿ ಸಾಯಿಸ್ತಾನೆ ಇವ್ನು ಅಂತ ಅಂದ್ಕೊಂಡೇ ಬಂದಿದ್ರು. ಅಣ್ಣ ಹೇಳಿದ ಡ್ರಿಲ್ ಮಾಡಿಸ್ದೆ. ಎಂಟು ಜನರ ಎದುರು ಎಂಟು ಜನ, ಸುಮ್ನೆ ಆಟ, ಮಧ್ಯದಲ್ಲಿ ಅಣ್ಣ ಕಾರಣ ಇಲ್ದೆ ಒಂದು ಬಾಲ್ ತಗೊಂಡು ನೆಟ್ ಒಳಗೆ ಎಸೆದು ಗೋಲ್ ಅಂತ ವಿಸಿಲ್ ಹಾಕೋರು. ಡ್ರಿಲ್ ಅಲ್ಲಿಂದ ಶುರು. ಬಾಲ್ ಎತ್ತೋಕೆ ಸೆಂಟರ್ ಬ್ಯಾಕ್ ಒಳಗೆ ಹೋಗ್ಬೇಕು, ಗೋಲ್‌ಕೀಪರ್ ಹೋಗೋ ಹಾಗಿಲ್ಲ. ಎಲ್ಲರೂ ಬಾಕ್ಸ್ ಅಂಚಿಗೆ ಬರ್ಬೇಕು, ವಿಂಗರ್ ಸಹಿತ. ಮಾತಾಡೋನು ಗೋಲ್‌ಕೀಪರ್ ಒಬ್ಬನೇ, ಅದೂ ಮುಂದಿನ ಐದು ನಿಮಿಷ ಏನು ಮಾಡ್ಬೇಕು ಅನ್ನೋದು ಒಂದೇ ವಾಕ್ಯ. ಬಿದ್ದ ಗೋಲ್ ಬಗ್ಗೆ ಯಾರಾದ್ರೂ ಬಾಯಿ ಬಿಟ್ರೆ ಮೊದಲಿಂದ. ಮೊದಲ ದಿನ ನಕ್ಕರು. ಗೋಲ್‌ಕೀಪರ್ ಹುಡುಗನಿಗೆ ಆ ಒಂದು ವಾಕ್ಯ ಬಾಯಿಗೇ ಬರ್ತಿರ್ಲಿಲ್ಲ, ಗಂಟಲು ಕಟ್ಕೋತಿತ್ತು. ಅಣ್ಣ ಪಕ್ಕದಲ್ಲಿ ನಿಂತು "ಹೇಳು ಕಂದ, ಚಿಕ್ಕದಾಗಿ ಹೇಳು" ಅನ್ನೋರು.

ಮುಂದಿನ ಮ್ಯಾಚ್‌ಗೆ ಅದೇ ಹನ್ನೊಂದು ಜನ, ಅದೇ ಫಾರ್ಮೇಶನ್. ಸೋತ್ವಿ. ಆದ್ರೆ ಒಂದೇ ಗೋಲ್‌ಗೆ ಸೋತ್ವಿ, ಅದು ಬಿದ್ದದ್ದು ಶುರುವಲ್ಲೇ, ಉಳಿದ ಅಷ್ಟೂ ಹೊತ್ತು ಇನ್ನೊಂದು ಬೀಳ್ಲಿಲ್ಲ. ಪೇಪರಲ್ಲಿ ಹಠಮಾರಿ ಅಂತ ನನ್ನ ಬಗ್ಗೆ ಬರೆದಿದ್ರು, ಓದಿ ಅಣ್ಣ ನಕ್ಕು ನಕ್ಕು ಸುಸ್ತಾದ್ರು. ಆಮೇಲೆ ಡ್ರಾ, ಮತ್ತೆ ಡ್ರಾ, ಒಂದು ಸೋಲು, ಡ್ರಾ, ಆಮೇಲೆ ಆ ಅಸಹ್ಯವಾದ ಒಂದು ಗೆಲುವು, ಅದನ್ನ ನೋಡಿದ ಯಾರೂ ಅದು ಫುಟ್‌ಬಾಲ್ ಅಂತ ಒಪ್ಪಲ್ಲ.

ವಾರಕ್ಕೊಮ್ಮೆ ಬರ್ತಿದ್ದ ನಮ್ಮ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಮೇಡಂ ಈ ಡ್ರಿಲ್ ನೋಡಿ, ಇದನ್ನ ನಾನು ಹೇಳಿದ್ರೆ ಹುಡುಗರು ಇಷ್ಟು ಬೇಗ ಕೇಳ್ತಿರ್ಲಿಲ್ಲ ಅಂದ್ರು. ಅವರಿಗೂ ಥ್ಯಾಂಕ್ಸ್, ಯಾರು ಬಂದು ಏನು ಹೇಳ್ಕೊಂಡ್ರು ಅಂತ ನಂಗೆ ಒಂದು ದಿನಾನೂ ಹೇಳ್ದೆ ಇದ್ದದ್ದಕ್ಕೆ ವಿಶೇಷವಾಗಿ.

ಕೊನೇ ಮ್ಯಾಚ್ ನೀವೆಲ್ಲ ನೋಡಿದೀರಿ. ಒಂದು ಪಾಯಿಂಟ್ ಸಾಕಿತ್ತು, ಲೀಡ್‌ನಲ್ಲಿದ್ವಿ, ಕೊನೇ ಹತ್ತು ನಿಮಿಷ ಇರೋವಾಗ ಅವರು ಸಮ ಮಾಡಿದ್ರು. ಸ್ಟೇಡಿಯಂ ಸುಮ್ಮನಾಯ್ತು, ಮುಂದೇನು ಅಂತ ಎಲ್ಲರಿಗೂ ಗೊತ್ತಿರೋ ಥರ ಸುಮ್ಮನಾಯ್ತು. ಟಿವಿಯವರು ಆಗ ಎದುರು ಟೀಮ್ ಕುಣಿಯೋದನ್ನ ತೋರಿಸ್ತಿದ್ರಂತೆ, ಅದಕ್ಕೆ ಇದನ್ನ ನೀವು ನೋಡಿರಲ್ಲ: ಕ್ಯಾಪ್ಟನ್ ಓಡಿ ಹೋಗಿ ನೆಟ್ಟಿಂದ ಬಾಲ್ ತೆಗೆದ, ವಿಂಗರ್ ಲೇಸ್ ಕಟ್ಟೋಕೆ ಬಗ್ಗದೆ ನಲವತ್ತು ಮೀಟರ್ ಹಿಂದಕ್ಕೆ ಓಡಿ ಬಂದ, ಗೋಲ್‌ಕೀಪರ್ ಎರಡೂ ಗ್ಲೌಸ್ ತಟ್ಟಿ ಏನೋ ಒಂದು ಕೂಗಿದ. ನಾನು ಅಣ್ಣನ ಕಡೆ ನೋಡ್ದೆ, ಅವರು ಸೆಟ್ ಪೀಸ್ ಶೀಟ್‌ನಲ್ಲಿ ಮುಂದಿನ ಕಾರ್ನರ್‌ಗೆ ಯಾರು ಯಾರನ್ನ ಹಿಡೀಬೇಕು ಅಂತ ಬೆರಳಿಟ್ಟು ನೋಡ್ತಿದ್ರು. ಏನು ಕೂಗಿದೆಯೋ ಅಂತ ಆಮೇಲೆ ಹುಡುಗನನ್ನ ಕೇಳ್ದೆ. "ಹೊರಗೆ ಒದೀರಿ ಅಂದೆ ಸರ್" ಅಂದ. ಒದ್ದರು, ಹತ್ತು ನಿಮಿಷ ಪೂರ್ತಿ.

ಅಣ್ಣ, ನೀವು ಇದನ್ನೆಲ್ಲ ಓದಲ್ಲ, ಅತ್ತಿಗೆ ಓದಿ ಹೇಳ್ತಾರೆ ಅಂತ ಗೊತ್ತು. ಅತ್ತಿಗೆ, ಅವತ್ತು ರಾತ್ರಿ ಬೆಳಗಾಗೋವರೆಗೆ ಅವರು ಮನೆಗೆ ಬರ್ಲಿಲ್ಲ ಅಂತ ನೀವು ಒಂದು ಫೋನ್ ಕೂಡ ಮಾಡ್ಲಿಲ್ಲ, ಅದಕ್ಕೆ ನಿಮಗೆ ಬೇರೆ ಥ್ಯಾಂಕ್ಸ್ ಹೇಳ್ಬೇಕು, ಮನೆಗೆ ಬಂದು ಹೇಳ್ತೀನಿ. ಇನ್ನು ಮ್ಯಾನೇಜ್‌ಮೆಂಟಿನವರು ಯಾರಾದ್ರೂ ಇಲ್ಲೀವರೆಗೆ ಓದಿದ್ರೆ, ಗೋಲ್‌ಕೀಪರ್ ಟ್ರೈನಿಂಗ್‌ಗೆ ಬಾಲ್ ಬಡಿದ್ರೆ ವಾಪಸ್ ಚಿಮ್ಮಿಸೋ ರೀಬೌಂಡರ್ ನೆಟ್ ಇನ್ನೊಂದು ಬೇಕು ಅಂತ ಅವರು ಸೀಸನ್ ಶುರುವಿಂದ ಕೇಳ್ತಿದಾರೆ, ಇರೋ ಒಂದರ ಸ್ಪ್ರಿಂಗ್ ಹೋಗಿ ಹಗ್ಗ ಕಟ್ಟಿದೀವಿ. ಪ್ರೀ-ಸೀಸನ್ ಶುರು ಆಗೋ ಮುಂಚೆ ತರಿಸಿಬಿಡಿ.