ಮಗಳಿಗೊಂದು ಪತ್ರ: ಸೋತ ಬಾಜಿಯ ಎರಡು ಹಾಳೆ

ಮೈಸೂರು,
2025ರ ದಸರೆಗೆ ಇನ್ನು ಹತ್ತೇ ದಿನ

ಮುದ್ದು ಪುಟ್ಟಿ,

ಕೊನೆಗೂ ಬರೆಯಲು ಕೂತಿದ್ದೇನೆ. ಮೊನ್ನೆ ನೀನು ಕಳಿಸಿದ ಮೆಸೇಜ್‌ನಲ್ಲಿ ಇದ್ದದ್ದು ಇಷ್ಟೇ: 'ಅಮ್ಮಾ, ಕಾಗದ ಎಲ್ಲಿ?' ನಿಮ್ಮಪ್ಪ ಓದಿ, ಯಾವುದೋ ಬ್ಯಾಂಕಿನ ಕಾಗದ ಕೇಳುತ್ತಿದ್ದಾಳೆ ಅಂತ ಬೀರು ತೆಗೆದು ಎಲ್ಲ ಕವರ್ ಹಾಸಿಗೆ ಮೇಲೆ ಹರಡಿಬಿಟ್ಟರು. ನನಗೆ ಗೊತ್ತಾಯಿತು. ಗೊತ್ತಾಗದ ಹಾಗೆ ಇದ್ದೆ ಅಷ್ಟೆ.

ಅಮೆರಿಕದ NBA ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ನಮ್ಮ ತಂಡ ಬಾಸ್ಟನ್ ಸೆಲ್ಟಿಕ್ಸ್ ಡೆರಿಕ್ ವೈಟ್ ಅನ್ನುವ ಆಟಗಾರನನ್ನು ತಂದಿದ್ದು ಲಾಭ ಅಂತ ನೀನು, ನಷ್ಟ ಅಂತ ನಾನು ಬಾಜಿ ಕಟ್ಟಿ ಮೂರೂವರೆ ವರ್ಷ ಆಯಿತು. ಸೋತವರು ಕೈಬರಹದಲ್ಲಿ ಎರಡು ಹಾಳೆ ಬರೆದು ಪೋಸ್ಟ್ ಮಾಡಬೇಕು, ತಪ್ಪು ಒಪ್ಪಿಕೊಂಡಿದ್ದು ಮೊದಲ ಪುಟದಲ್ಲೇ ಇರಬೇಕು, ಟೈಪ್ ಮಾಡಿದ್ದು ನಡೆಯಲ್ಲ. ಈ ಷರತ್ತನ್ನೆಲ್ಲ ಹಾಕಿದ್ದು ನಾನೇ. ಗೆಲ್ಲುವವಳು ನಾನೇ ಅಂದುಕೊಂಡಿದ್ದೆನಲ್ಲ!

ಸರಿ, ತಗೋ. ಡೆರಿಕ್ ವೈಟ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ಬರೆದಾಯಿತು. ಉಳಿದ ಹಾಳೆಯೆಲ್ಲ ನನ್ನದು, ಅದರಲ್ಲಿ ನಾನು ಜಗಳ ಆಡುತ್ತೇನೆ.

2022ರ ಫೆಬ್ರವರಿ 10. ನಿಮ್ಮ ಬಾಸ್ಟನ್‌ನಲ್ಲಿ ಮಧ್ಯಾಹ್ನ, ನಮಗೆ ಸರಿರಾತ್ರಿ. ಬೆಳಿಗ್ಗೆ ಹಾಲು ಕಾಯಲಿಟ್ಟು ಫೋನ್ ನೋಡಿದರೆ ನಿನ್ನದು ನಾಲ್ಕು ವಾಯ್ಸ್ ಮೆಸೇಜ್. ಸ್ಪರ್ಸ್ ತಂಡದಿಂದ ವೈಟ್ ಬಂದ, ಅಮ್ಮಾ, ಸೂಪರ್ ಟ್ರೇಡ್, ಅಂತ ಕುಣಿಯುತ್ತಿದ್ದೆ. ಬದಲಿಗೆ ನಾವು ಕೊಟ್ಟಿದ್ದೇನು ಅಂತ ನೋಡಿದೆ. ಜಾಶ್ ರಿಚರ್ಡ್ಸನ್ ಹೋದ, ರೋಮಿಯೊ ಲ್ಯಾಂಗ್‌ಫರ್ಡ್ ಹೋದ, ಆ ವರ್ಷದ ಫಸ್ಟ್ ರೌಂಡ್ ಪಿಕ್, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನ ಸರದಿ, ಅದೂ ಹೋಯಿತು. ಸಾಲದ್ದಕ್ಕೆ 2028ರಲ್ಲಿ ನಮ್ಮ ಪಿಕ್ ಅವರದಕ್ಕಿಂತ ಚೆನ್ನಾಗಿದ್ದರೆ ಅದಲು ಬದಲು ಮಾಡಿಕೊಳ್ಳುವ ಹಕ್ಕು ಬೇರೆ ಅವರಿಗೆ. 2028! ಆಗ ನಾನು ಬದುಕಿರುತ್ತೀನೋ ಇಲ್ಲವೋ, ನಾಟಿನೇ ಮಾಡದ ಗದ್ದೆಯ ಭತ್ತ ಮಾರಿಬಿಟ್ಟಿದ್ದಾನೆ ನಮ್ಮ ತಂಡ ಕಟ್ಟುವ ಈ ಬ್ರಾಡ್ ಸ್ಟೀವನ್ಸ್ ಅಂತ ನಿನಗೆ ಬರೆದೆ. ನೆನಪಿದೆಯಾ? ನೀನು ಅದಕ್ಕೆ ನಗುವ ಮುಖ ಹಾಕಿದ್ದೆ, ನನಗೆ ಇನ್ನೂ ಕೋಪ ಬಂತು.

ನನ್ನ ತಕರಾರು ಸುಮ್ನೆ ಬಂದಿದ್ದಲ್ಲ ಕಣೇ. ರಿಚರ್ಡ್ಸನ್ ಆ ವರ್ಷ ದೂರದಿಂದ ಚೆನ್ನಾಗಿಯೇ ಹಾಕುತ್ತಿದ್ದ. ವೈಟ್‌ನದು ನೂರಕ್ಕೆ 31ರ ಆಸುಪಾಸು. ಚೆನ್ನಾಗಿ ಹಾಕುವವನನ್ನು ಕೊಟ್ಟು ಹಾಕಲು ಬಾರದವನನ್ನು ತರುವುದು, ಅದಕ್ಕೆ ಮೇಲೆ ಪಿಕ್ ಸುರಿಯುವುದು, ಯಾವ ಲೆಕ್ಕ ಇದು? ಅದೂ ತಂಡ ಜನವರಿಯಲ್ಲಿ ಎಡವಿ ಎಡವಿ ಆಗತಾನೆ ಸಾಲಾಗಿ ಗೆಲ್ಲಲು ಶುರು ಮಾಡಿತ್ತು. ಚೆನ್ನಾಗಿ ಕುದಿಯುತ್ತಿರುವ ಸಾರಿಗೆ ಯಾರಾದರೂ ಮತ್ತೆ ಹುಳಿ ಹಿಂಡುತ್ತಾರಾ?

ನೀನು ಹೇಳಿದ್ದು: ಅವನು ಡಿಫೆನ್ಸ್ ಮಾಡುತ್ತಾನೆ, ಬಾಲ್ ಕೈಗೆ ಬಂದರೆ ಹಿಡಿದುಕೊಂಡು ಕೂರಲ್ಲ, ಅರ್ಧ ಸೆಕೆಂಡಿನಲ್ಲಿ ಹಾಕುತ್ತಾನೆ, ಇಲ್ಲ ನುಗ್ಗುತ್ತಾನೆ, ಇಲ್ಲ ಪಾಸ್ ಕೊಡುತ್ತಾನೆ. ನಮ್ಮ ಸ್ಟಾರ್‌ಗಳಾದ ಟೇಟಮ್, ಬ್ರೌನ್ ಇಬ್ಬರ ಕೈಯಲ್ಲೂ ಬಾಲ್ ನಿಲ್ಲುತ್ತದೆ, ನಿಲ್ಲಿಸದವನು ಒಬ್ಬ ಬೇಕು. ಕೋಚ್ ಉಡೋಕಾ ಮೊದಲು ಸ್ಪರ್ಸ್‌ನಲ್ಲಿ ಇದ್ದವನು, ಇವನನ್ನು ಹತ್ತಿರದಿಂದ ಬಲ್ಲ. ಈ ಕೊನೆಯ ಮಾತಿಗೆ ನಾನು ಏನೂ ಹೇಳಿರಲಿಲ್ಲ, ಯಾಕೆಂದರೆ ಅದು ನನಗೆ ಗೊತ್ತೇ ಇರಲಿಲ್ಲ.

ನಾನು ಶೂಟರ್ ಆಗಿದ್ದವಳು, ನಿನಗೆ ಗೊತ್ತಲ್ಲ. ನಾನು ಕಾಲೇಜಿಗೆ ಸೇರಿದಾಗ ತ್ರೀ ಪಾಯಿಂಟ್ ಗೆರೆಯೇ ಇರಲಿಲ್ಲ, ಅಂತರರಾಷ್ಟ್ರೀಯ ನಿಯಮಕ್ಕೆ ಅದು ಬಂದಿದ್ದೇ 1984ರಲ್ಲಿ. ನಮ್ಮ ಸಿಮೆಂಟ್ ಕೋರ್ಟಿಗೆ ಆ ಗೆರೆ ಬಳಿದಾಗ ನನ್ನದು ಕೊನೆಯ ವರ್ಷ. ನಾನು ಆಗಲೇ ಅಷ್ಟು ದೂರದಿಂದ ಹಾಕುತ್ತಿದ್ದೆ, ಎರಡೇ ಪಾಯಿಂಟಿಗೆ. ಈಗಲೂ ಯಾರನ್ನಾದರೂ ನೋಡಿದರೆ ಕಣ್ಣು ಮೊದಲು ಮಣಿಕಟ್ಟಿಗೇ ಹೋಗುತ್ತದೆ. ಬುಟ್ಟಿಗೆ ಬಿದ್ದರೆ ಆಟಗಾರ, ಬೀಳದಿದ್ದರೆ ಓಡಾಡುವವನು. ಈ ಬುದ್ಧಿಯಿಂದಲೇ ವೈಟ್‌ನನ್ನು ಅಳೆದೆ, ಈ ಬುದ್ಧಿಯಿಂದಲೇ ಸೋತೆ.

ಮೊದಲ ವರ್ಷ ಮಾತ್ರ ನಾನೇ ಗೆದ್ದಂತಿತ್ತು, ಅದನ್ನಾದರೂ ಒಪ್ಪಿಕೋ. ಬಂದ ಮೇಲೆ ಆ ಸೀಸನ್ನಿನಲ್ಲಿ ಅವನ ತ್ರೀ ನೂರಕ್ಕೆ 30 ದಾಟಲು ಒದ್ದಾಡಿತು. ಖಾಲಿ ಬಿಟ್ಟರೂ ಹಾಕಲು ಹೆದರುತ್ತಿದ್ದ. ಫೈನಲ್ಸ್‌ನ ಮೊದಲ ಪಂದ್ಯದಲ್ಲಿ 21 ಪಾಯಿಂಟ್ ಹೊಡೆದ, ನೀನು ರಾತ್ರಿಯಿಡೀ ಕುಣಿದೆ. ಆಮೇಲೆ ಸರಣಿಯ ಕೊನೆಯ ಹೊತ್ತಿಗೆ ಎಲ್ಲಿದ್ದ ಅಂತ ದುರ್ಬೀನು ಹಾಕಿ ಹುಡುಕಬೇಕಾಯಿತು. ಎದುರು ತಂಡ ವಾರಿಯರ್ಸ್ 4-2ರಲ್ಲಿ ಕಪ್ ಎತ್ತಿಕೊಂಡು ಹೋದರು, ನಾನು ನಿನಗೆ ಕಾಗದ, ಪೆನ್ನಿನ ಚಿತ್ರ ಕಳಿಸಿದೆ. ಫೈನಲ್ಸ್‌ಗೂ ಮೊದಲು ಅದೇ ಪ್ಲೇಆಫ್‌ನಲ್ಲಿ ಮಯಾಮಿ ತಂಡದ ಜೊತೆಗಿನ ಎರಡನೇ ಪಂದ್ಯ ಬಿಟ್ಟು ಅವನು ಮೊದಲ ಮಗು ಹುಟ್ಟುವಾಗ ಹೆಂಡತಿ ಪಕ್ಕದಲ್ಲಿರಲು ಹೋದ. ಆವತ್ತಿನಿಂದ ಹುಡುಗ ಒಳ್ಳೆಯವನು ಅಂತ ಅನ್ನಿಸಿತ್ತು. ಆಟಗಾರ ಅಲ್ಲ, ಹುಡುಗ ಒಳ್ಳೆಯವನು. ಎರಡೂ ಬೇರೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

2023ರ ಮೇ 28, ನಮ್ಮ ಲೆಕ್ಕದಲ್ಲಿ. ಏಳು ಪಂದ್ಯದ ಸರಣಿಯಲ್ಲಿ ಮಯಾಮಿ ಮುಂದೆ 3-0 ಹಿಂದೆ ಬಿದ್ದು, ಎರಡು ಗೆದ್ದು, ಆರನೇ ಪಂದ್ಯ. ಬೆಳಿಗ್ಗೆ ಆರಕ್ಕೆ ಶುರು. ನಾನು ಟ್ಯಾಬ್ ಅನ್ನು ಅಡುಗೆಮನೆ ಕಟ್ಟೆಯಲ್ಲಿ ಅಕ್ಕಿ ಡಬ್ಬಕ್ಕೆ ಆನಿಸಿ ಇಟ್ಟಿದ್ದೆ. ಕೊನೆಯ ಐದು ನಿಮಿಷ ಬಂದಾಗ ನಾವು ಆರಾಮಾಗಿ ಮುಂದಿದ್ದೆವು, ಇನ್ನೇನು ಮುಗಿಯಿತು ಅಂತ ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ. ಅದೇ ತಪ್ಪಾಯಿತು. ಒಂದೊಂದಾಗಿ ಕರಗಿ ಕರಗಿ, ಮೂರು ಸೆಕೆಂಡ್ ಉಳಿದಿರುವಾಗ ನಮ್ಮ ಹಾರ್ಫರ್ಡ್ ಹೋಗಿ ಮಯಾಮಿಯ ಬಟ್ಲರ್‌ಗೆ ತ್ರೀ ಹಾಕುವಾಗ ಫೌಲ್ ಮಾಡಿದ. ಬಟ್ಲರ್‌ಗೆ ಮೂರು ಫ್ರೀ ಥ್ರೋ ಸಿಕ್ಕವು, ಮೂರಕ್ಕೆ ಮೂರೂ ಹಾಕಿದ. 103-102, ಅವರು ಮುಂದೆ. ನನ್ನ ಕೈಯಲ್ಲಿ ಸೌಟು ಇತ್ತು, ಆಡಿಸುವುದು ಮರೆತಿದ್ದೆ.

ಟೈಮ್‌ಔಟ್ ಆದಮೇಲೆ ಬಾಲ್ ಒಳಗೆ ಎಸೆದವನು ವೈಟ್. ನಮ್ಮವನೇ ಆದ ಸ್ಮಾರ್ಟ್ ಹಿಡಿದ, ತಿರುಗಿ ದೂರದಿಂದ ಹಾಕಿದ. ಬಾಲ್ ಬುಟ್ಟಿಯ ಒಳಗೆ ಇಳಿದು ಸುತ್ತು ಹೊಡೆದು ಹೊರಗೆ ಬಂತು. ಅಲ್ಲಿಗೆ ಸೀಸನ್ ಮುಗಿಯಬೇಕಿತ್ತು. ಎಲ್ಲಿಂದಲೋ ಒಂದು ಕೈ ಬಂದು ಅದನ್ನು ತಟ್ಟಿ ಒಳಗೆ ಹಾಕಿತು. ವೈಟ್‌ನ ಕೈ. 104-103, ನಾವು ಗೆದ್ದೆವು. ರೀಪ್ಲೇ ನೋಡಿ ನೋಡಿ ಹೇಳಿದರು, ಕೈ ಬಿಟ್ಟಾಗ ಗಡಿಯಾರದಲ್ಲಿ 0.1 ಸೆಕೆಂಡ್ ಇತ್ತು ಅಂತ.

ನಿಮ್ಮಪ್ಪ ಸ್ನಾನದ ಮನೆಯಿಂದ ಕೂಗುತ್ತಿದ್ದರು, ಏನೋ ಸೀದ ವಾಸನೆ ಅಂತ. ರವೆ ಕಪ್ಪಾಗಿತ್ತು. ಆ ಬಾಣಲೆ ಇವತ್ತಿಗೂ ತಳದಲ್ಲಿ ಕಲೆ ಇಟ್ಟುಕೊಂಡಿದೆ, ಮುಂದಿನ ಸಲ ಬಂದಾಗ ತೋರಿಸುತ್ತೇನೆ.

ಆ ಕೊನೆಯ ಮೂರು ಸೆಕೆಂಡನ್ನು ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಬುಟ್ಟಿ ಕಡೆ ನೋಡಬೇಡ, ವೈಟ್‌ನನ್ನೇ ನೋಡು. ಬಾಲ್ ಎಸೆದ, ಅವನನ್ನು ಕಾಯಬೇಕಾದವನು ಸ್ಮಾರ್ಟ್ ಕಡೆ ಓಡಿಬಿಟ್ಟ. ಮೈದಾನದಲ್ಲಿ ಇದ್ದ ಜನ, ಬೆಂಚಿನಲ್ಲಿ ಇದ್ದ ಜನ, ಅಡುಗೆಮನೆಯಲ್ಲಿದ್ದ ನಾನು, ಎಲ್ಲರೂ ಬಾಲ್ ಏನಾಗುತ್ತದೆ ಅಂತ ನೋಡುತ್ತಿದ್ದೆವು. ಅವನೊಬ್ಬ ನೋಡುತ್ತಾ ನಿಲ್ಲಲಿಲ್ಲ. ಎಸೆದ ಕೂಡಲೇ ಬುಟ್ಟಿ ಕಡೆ ಓಡಿದ. ನಮ್ಮ ಕಾಲೇಜಿನ ಕೋಚ್ ನನ್ನ ಮೇಲೆ ಅತಿ ಜಾಸ್ತಿ ಸೀಟಿ ಊದಿದ್ದು ಇದೇ ವಿಷಯಕ್ಕೆ. ಬಾಲ್ ಬಿಟ್ಟು ಕೈ ಮೇಲೆತ್ತಿಕೊಂಡೇ ನಿಲ್ಲುತ್ತಿದ್ದೆ ನಾನು, ಫೋಟೋಗೆ ನಿಂತ ಹಾಗೆ. 'ಏನಮ್ಮಾ, ಆರತಿ ಎತ್ತಬೇಕಾ?' ಅಂತ ಕೇಳುತ್ತಿದ್ದರು.

ಆವತ್ತು ಸಂಜೆ ನಿಮ್ಮಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಸ್ಟಾರ್‌ಗಳಿಗೆ ಬೆಂಬಲವಾಗಿ ಆಡುವ ರೋಲ್ ಪ್ಲೇಯರ್ ಅಂದರೆ ಏನು, ಅವನಿಗೆ ಯಾಕೆ ಇಷ್ಟು ಕೊಡಬೇಕು, ಅವನ ಬೆಲೆ ಸ್ಕೋರ್ ಹಾಳೆಯಲ್ಲಿ ಯಾಕೆ ಕಾಣಲ್ಲ, ಅರ್ಧ ಗಂಟೆ. ಎಲ್ಲ ಕೇಳಿ ಅವರು, 'ಓ, ಕುಮ್ಕಿ ಆನೆ' ಅಂದರು. ಪೇಪರ್ ಎತ್ತಿಕೊಂಡರು. ಈಗ ಬೆಳಿಗ್ಗೆ ಬೆಳಿಗ್ಗೆ ದಸರೆಯ ತಾಲೀಮಿಗೆ ಆನೆಗಳು ಹೋಗುತ್ತಿವೆ, ಅಭಿಮನ್ಯುವಿನ ಮೇಲೆ ಮರಳಿನ ಮೂಟೆ, ಅಕ್ಕಪಕ್ಕ ಕುಮ್ಕಿ ಹೆಣ್ಣಾನೆಗಳು. ಜನ ಎಲ್ಲ ಅಭಿಮನ್ಯು ಅಭಿಮನ್ಯು ಅಂತ ಫೋನ್ ಎತ್ತುತ್ತಾರೆ. ನಾನು ಈ ವರ್ಷ ಅಕ್ಕಪಕ್ಕದವರ ಕಾಲನ್ನೇ ನೋಡಿಕೊಂಡು ನಿಂತಿದ್ದೆ, ಅವನ ಹೆಜ್ಜೆಗೆ ಹೇಗೆ ಹೆಜ್ಜೆ ಹಾಕುತ್ತವೆ ಅಂತ. ನಿಮ್ಮಪ್ಪನ ಮುಂದೆ ಇದನ್ನು ಒಪ್ಪಿಕೊಂಡಿಲ್ಲ, ನೀನೂ ಹೇಳಬೇಡ.

ಏಳನೇ ಪಂದ್ಯ ಬಾಸ್ಟನ್‌ನಲ್ಲೇ ಸೋತರು, 103-84. ಹಾಗಾಗಿ ತಾಂತ್ರಿಕವಾಗಿ ನಾನು ಸೋತಿಲ್ಲ ಅಂತ ಆವತ್ತು ವಾದಿಸಿದೆ. ನಾಚಿಕೆ ಇಲ್ಲದ ವಾದ, ಒಪ್ಪಿದೆ. ಆ ಸೀಸನ್ನಿನಲ್ಲಿ ಅವನು 82ಕ್ಕೆ 82 ಪಂದ್ಯ ಆಡಿದ್ದ, ತ್ರೀ ನೂರಕ್ಕೆ 38 ಆಗಿತ್ತು. ಮುಂದಿನ ವರ್ಷ ಇನ್ನೂ ಮೇಲೆ. ಹೊರಗಡೆ ಆಡುವ ಗಾರ್ಡ್ ಆಗಿದ್ದೂ ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ ಬ್ಲಾಕ್, ಅಂದರೆ ಎದುರಾಳಿ ಹಾಕಿದ ಬಾಲನ್ನು ತಡೆದದ್ದು. ಎರಡು ವರ್ಷವೂ ಲೀಗಿನ ಒಳ್ಳೆಯ ಡಿಫೆಂಡರ್‌ಗಳ ಎರಡನೇ ಪಟ್ಟಿಯಲ್ಲಿ ಹೆಸರು. 2024ರ ಜೂನ್‌ನಲ್ಲಿ ಡಲ್ಲಾಸ್ ವಿರುದ್ಧ ಕೊನೆಯ ಪಂದ್ಯ, ಮುಂದಿನ ಹಲ್ಲು ಮುರಿದುಕೊಂಡು, ಅದೇ ಮುರಿದ ಹಲ್ಲಲ್ಲಿ ನಗುತ್ತಾ ಕಪ್ ಹಿಡಿದುಕೊಂಡ. 18ನೇ ಕಪ್. ಅವತ್ತೇ ನಾನು ಕಾಗದ ಬರೆಯಬೇಕಿತ್ತು. ಲೆಟರ್ ಪ್ಯಾಡ್ ಇಲ್ಲ ಅಂದೆ, ಕಣ್ಣಿಗೆ ಪೊರೆ ಅಂದೆ, ಪೋಸ್ಟ್ ಆಫೀಸ್ ದೂರ ಅಂದೆ.

ಇನ್ನು ನನ್ನ ಜಗಳ. ನೀನು ಈ ಟ್ರೇಡನ್ನು 'ಪುಕ್ಕಟೆ ಸಿಕ್ಕಿತು' ಅನ್ನುತ್ತೀಯಲ್ಲ, ಅದು ಸುಳ್ಳು. ಪಿಕ್ ಲೆಕ್ಕದಲ್ಲಿ ನೋಡಿದರೆ ಹೌದು. ಆ ಫಸ್ಟ್ ರೌಂಡ್ ಪಿಕ್ 25ನೇ ನಂಬರ್ ಆಯಿತು, ಸ್ಪರ್ಸ್ ಬ್ಲೇಕ್ ವೆಸ್ಲಿಯನ್ನು ತಗೊಂಡರು, 2025ರ ಈ ಬೇಸಿಗೆಯಲ್ಲಿ ಅವನನ್ನೂ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಲ್ಯಾಂಗ್‌ಫರ್ಡ್‌ನ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಆದರೆ ನಿಜವಾದ ಬೆಲೆ ಕಟ್ಟಿದ್ದು ಆವತ್ತಲ್ಲ, 2023ರ ಜೂನ್‌ನಲ್ಲಿ. ಸ್ಮಾರ್ಟ್‌ನನ್ನು ಮೆಂಫಿಸ್‌ಗೆ ಕಳಿಸಿ ಪೊರ್ಜಿಂಗಿಸ್‌ನನ್ನು ತಂದರು ನೋಡು, ಆವತ್ತು. ವೈಟ್ ಇರದೇ ಹೋಗಿದ್ದರೆ ಸ್ಟೀವನ್ಸ್‌ಗೆ ಆ ಧೈರ್ಯ ಬರುತ್ತಿತ್ತಾ? ಒಂಬತ್ತು ವರ್ಷ ಆ ಹಸಿರು ಬನಿಯನ್ ಹಾಕಿಕೊಂಡು ನೆಲಕ್ಕೆ ಬಿದ್ದು ಎದ್ದು ಆಡಿದವನು, ಹಿಂದಿನ ವರ್ಷವಷ್ಟೇ ಲೀಗಿನ ಬೆಸ್ಟ್ ಡಿಫೆಂಡರ್ ಅಂತ ಅನ್ನಿಸಿಕೊಂಡವನು. ಅವನ ತಪ್ಪಿದ ಬಾಲನ್ನು ವೈಟ್ ಒಳಗೆ ತಟ್ಟಿ ಒಂದು ತಿಂಗಳೂ ಆಗಿರಲಿಲ್ಲ. ಆವತ್ತು ವಿಡಿಯೋ ಕಾಲ್‌ನಲ್ಲಿ ನೀನು ಅತ್ತಿದ್ದೆ. ಇದು ನ್ಯಾಯ ಅಲ್ಲ ಅಮ್ಮಾ ಅಂದಿದ್ದೆ. ನಾನು ಆಗ ಬಾಜಿ ವಿಷಯ ಎತ್ತಲಿಲ್ಲ, ಆ ಮರ್ಯಾದೆ ನನಗಿದೆ. ಈಗ ಎತ್ತುತ್ತಿದ್ದೇನೆ. ರೋಲ್ ಪ್ಲೇಯರ್ ಬಂದಾಗ ಕೊಟ್ಟಿದ್ದನ್ನು ಎಲ್ಲರೂ ಅವತ್ತಿನ ಚೀಟಿ ನೋಡಿ ಲೆಕ್ಕ ಹಾಕುತ್ತಾರೆ, ಉಳಿದ ಬಿಲ್ ಮನೆಗೆ ಆಮೇಲೆ ಬರುತ್ತದೆ. ನಿನ್ನ ಮನೆಗೇ ಬಂತು.

ಆ ಬಿಲ್ ಕಟ್ಟಿದ್ದಕ್ಕೇ ಕಪ್ ಬಂದಿದ್ದು ಅಂತ ನೀನು ಹೇಳುತ್ತೀಯ. ಗೊತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಸ್ಮಾರ್ಟ್ ಇದ್ದು ಕಪ್ ಬಂದಿದ್ದರೆ ನೀನು ಇನ್ನೂ ಜೋರಾಗಿ ಕೂಗುತ್ತಿದ್ದೆ, ಅಲ್ವಾ?

ಈ 2025ರಲ್ಲಿ ನೋಡಿದರೆ ಪೊರ್ಜಿಂಗಿಸ್ ಅಟ್ಲಾಂಟಾಗೆ, ಇನ್ನೊಬ್ಬ ಆಟಗಾರ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಟೇಟಮ್ ಕಾಲು ನೋವಿಂದ ಮನೆಯಲ್ಲಿ. ಆಟಗಾರರ ಸಂಬಳ ಮಿತಿ ಮೀರಿದರೆ ಲೀಗ್ ತಂಡಕ್ಕೆ ಹಾಕುವ ಟ್ಯಾಕ್ಸ್ ತಡೆಯಲಾರದೆ ಅಂಗಡಿಯನ್ನೇ ಅರ್ಧ ಖಾಲಿ ಮಾಡಿದ್ದಾರೆ. ವೈಟ್ ಉಳಿದಿದ್ದಾನೆ. ಕಾಲೇಜಿಗೆ ಸೇರುವಾಗ ದೊಡ್ಡ ಕಾಲೇಜು ಯಾವುದೂ ಕರೆಯದೆ ಕೊಲರಾಡೋದ ಡಿವಿಷನ್ 2 ಕಾಲೇಜಿನಲ್ಲಿ ಮೂರು ವರ್ಷ ಆಡಿದವನು, ಡ್ರಾಫ್ಟ್‌ನಲ್ಲಿ 29ನೆಯವನು. ಈಗ ಬೇರೆ ತಂಡಗಳ ಜನ ಅವನಿಗಾಗಿ ಏನೇನು ಕೊಡಬಹುದು ಅಂತ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಅದರಲ್ಲಿ ನನ್ನಂಥ ಅಮ್ಮಂದಿರೂ ಇರಬಹುದು.

ಇನ್ನೊಂದು ವಿಷಯ. 2028ರ ಅದಲು ಬದಲು ಇನ್ನೂ ಇದೆ, ಮರೆಯಬೇಡ. ಸ್ಪರ್ಸ್‌ಗೆ ವೆಂಬನ್ಯಾಮಾನಂಥ ಸ್ಟಾರ್ ಸಿಕ್ಕಿದ್ದಾನೆ, ಅವರು ಮೇಲೆ ಹೋದರೆ ಅವರ ಪಿಕ್ ಕೆಳಗೆ ಬೀಳುತ್ತದೆ. ನಾವು ಅಷ್ಟರಲ್ಲಿ ಕೆಟ್ಟಿದ್ದರೆ ನಮ್ಮದು ಮೇಲೆ ಇರುತ್ತದೆ. ಆಗ ಅವರು ಸುಮ್ಮನೆ ಕೈ ಚಾಚಿ ಎತ್ತಿಕೊಳ್ಳುತ್ತಾರೆ. ಆ ವರ್ಷ ನೀನು ನನಗೆ ಕಾಗದ ಬರೆಯಬೇಕಾಗಬಹುದು. ನಾಲ್ಕು ಹಾಳೆ, ಈ ಸಲ ಷರತ್ತು ಹಾಗಿರಲಿ.

ಹಾಳೆ ಮುಗಿಯುತ್ತಾ ಬಂತು, ಅಕ್ಷರ ಚಿಕ್ಕದು ಮಾಡಿದ್ದೇನೆ. ಇದರ ಫೋಟೋ ತೆಗೆದು ನಿನ್ನ ಫ್ರೆಂಡ್ಸ್ ಗುಂಪಿಗೆ ಹಾಕುವುದಾದರೆ ಮೊದಲ ಪುಟ ಮಾತ್ರ ಹಾಕಬೇಡ, ಎರಡೂ ಹಾಕು. ಕವರ್ ಜೊತೆ ಸಾರಿನ ಪುಡಿ ಇಟ್ಟರೆ ತೂಕ ಜಾಸ್ತಿ ಆಗುತ್ತದೆ ಅಂದರು ಪೋಸ್ಟಿನವರು, ಅದನ್ನು ಅಕ್ಟೋಬರ್‌ನಲ್ಲಿ ಬರುವವರ ಕೈಲಿ ಕಳಿಸುತ್ತೇನೆ. ಸೀಸನ್ ಶುರುವಾದಾಗ ಮೊದಲ ಪಂದ್ಯಕ್ಕೆ ಬೆಳಿಗ್ಗೆ ಎಷ್ಟಕ್ಕೆ ಏಳಬೇಕು ಅಂತ ನೋಡಿ ಹೇಳು. ಉಪ್ಪಿಟ್ಟು ಮಾಡಲ್ಲ ಅವತ್ತು.

ನಿನ್ನ,
ಅಮ್ಮ