18 ದಾಟಿದವರು ಎಲ್ಲಿಗೆ ಹೋಗಬೇಕು?

ಮಾನ್ಯರೇ,

ನನ್ನ ತಮ್ಮನಿಗೆ ವಿಲಿಯಮ್ಸ್ ಸಿಂಡ್ರೋಮ್ ಇದೆ. ಇಂಥವರಿಗೆ 7ನೇ ಕ್ರೋಮೋಸೋಮ್‌ನ ಒಂದು ಸಣ್ಣ ಚೂರು ಹುಟ್ಟುವಾಗಲೇ ಇರುವುದಿಲ್ಲ. ರಕ್ತನಾಳಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಜೀನ್ ಇರುವುದು ಆ ಚೂರಿನಲ್ಲೇ. ಹಾಗಾಗಿ ಹೃದಯದಿಂದ ಹೊರಡುವ ದೊಡ್ಡ ನಾಳ ಕಿರಿದಾಗಬಹುದು, ಚಿಕ್ಕ ವಯಸ್ಸಿಗೇ ಬಿಪಿ ಏರಬಹುದು. ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಮಲಬದ್ಧತೆ, ಆತಂಕ ಇವೂ ಜಾಸ್ತಿ.

ಸಿಂಧನೂರು ಬಸ್ ನಿಲ್ದಾಣದಲ್ಲಿ ಅವನು ಗುರುತಿಲ್ಲದವರನ್ನೂ ‘ಊಟ ಆಯ್ತಾ ಅಣ್ಣಾ’ ಎಂದು ಮಾತಾಡಿಸುತ್ತಾನೆ. ಆದರೆ ಹೊಟ್ಟೆನೋವು ಎಲ್ಲಿ, ಎಷ್ಟು ಎಂದು ಡಾಕ್ಟರಿಗೆ ಹೇಳಲು ಬರುವುದಿಲ್ಲ. ನಗುತ್ತಾ ಕೂತವನಿಗೆ ಎಂಥ ನೋವು ಎಂದು ಒಂದು ಕಡೆ ಗ್ಯಾಸ್ ಮಾತ್ರೆ ಬರೆದು ಕಳಿಸಿದರು. ತೋಳಿಗೆ ಬಿಪಿ ಪಟ್ಟಿಯನ್ನೂ ಕಟ್ಟಲಿಲ್ಲ. ನನಗೆ ಅಳುವೇ ಬಂತು.

ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇರುವುದು 18 ವರ್ಷದವರೆಗೆ ಮಾತ್ರ. ಆಮೇಲೆ ಮಕ್ಕಳ ಡಾಕ್ಟರು ನೋಡುವುದಿಲ್ಲ, ದೊಡ್ಡವರ ಡಾಕ್ಟರಿಗೆ ಈ ಕಾಯಿಲೆಯ ಪರಿಚಯ ಇರುವುದಿಲ್ಲ. ಬೆಂಗಳೂರು ಬಸ್ಸು ಹತ್ತಬೇಕು. ದಿನದ ಕೂಲಿ ನಂಬಿದವರು ಏನು ಮಾಡಬೇಕು?

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ ಅಲ್ವಾ? ಇಂಥ ವಂಶವಾಹಿ ತೊಂದರೆ ಇರುವ ದೊಡ್ಡವರಿಗೆ ತಿಂಗಳಿಗೊಂದು ದಿನ ಮೀಸಲಿಡಲಿ. ಎಕೋ (ಹೃದಯದ ಸ್ಕ್ಯಾನ್), ಬಿಪಿ, ಸಕ್ಕರೆ, ಕಿವಿ ಪರೀಕ್ಷೆ ಒಂದೇ ದಿನ ಆಗಲಿ. ಇನ್ನೊಂದು ಮಾತು ಡಾಕ್ಟರುಗಳಿಗೆ: ವಿಲಿಯಮ್ಸ್ ಇರುವವರಿಗೆ ಅರಿವಳಿಕೆಯಿಂದ ಹೃದಯಕ್ಕೆ ಅಪಾಯ ಆಗಬಹುದು. ಸಣ್ಣ ಆಪರೇಷನ್ ಆದರೂ ಮೊದಲು ಹೃದಯ ತಪಾಸಣೆ ಮಾಡಿಸಿ.

– ಒಬ್ಬ ಅಕ್ಕ, ಸಿಂಧನೂರು, ರಾಯಚೂರು ಜಿಲ್ಲೆ